ಹೊಳೆ ದಾಟಿದ ಮೇಲೆ



ನಮ್ಮ ಹಿರಿಯರು ಆಡುತ್ತಿದ್ದ ಒಂದು ಗಾದೆ ನಿಮಗೆಲ್ಲ ಗೊತ್ತು: 'ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?' ದಾಟುವ ತನಕ ಅಂಬಿಗನೇ ಅಣ್ಣ, ಅಂಬಿಗನೇ ದೇವರು. ದಡ ಸೇರಿ ಕಾಲಿನ ಕೆಸರು ತೊಳೆದುಕೊಂಡ ಮೇಲೆ ಅವನ ಮುಖವೂ ನೆನಪಿರುವುದಿಲ್ಲ. ಈ ಗಾದೆಯನ್ನು ನಾವು ಸಾಮಾನ್ಯವಾಗಿ ಬೇರೆಯವರನ್ನು ಕುರಿತು ಹೇಳುತ್ತೇವೆ. ಈ ವಾರ ನಾನು ಅದನ್ನು ನನ್ನ ಬಗ್ಗೆಯೇ ಹೇಳಿಕೊಳ್ಳಬೇಕಾಗಿದೆ. ನೀವೂ ನಿಮ್ಮ ಮನೆಯಲ್ಲಿ ಕುಳಿತು ಒಮ್ಮೆ ನಿಮ್ಮ ಬಗ್ಗೆ ಕೇಳಿಕೊಳ್ಳಿರಿ.

ನನ್ನ ತಂದೆ ಮಲೆನಾಡಿನ ಒಂದು ಕಾಫಿ ತೋಟದಲ್ಲಿ ಲಾರಿ ಡ್ರೈವರ್ ಆಗಿದ್ದರು. ತೋಟದಲ್ಲಿ ದುಡಿದವರಿಗೆ ಗೊತ್ತು, ಅಲ್ಲಿ ಲೈನ್ ಮನೆ ಎಂಬುದು ಕೆಲಸದ ಜೊತೆ ಬರುತ್ತದೆ, ಕೆಲಸದ ಜೊತೆಗೇ ಹೋಗುತ್ತದೆ. 1990ರಲ್ಲಿ ತಂದೆಯವರಿಗೆ ಕ್ಷಯ ಕಾಯಿಲೆ ತಗಲಿತು. ಕೆಲಸ ಹೋಯಿತು. ಹದಿನೈದು ದಿನಗಳೊಳಗೆ ಮನೆ ಖಾಲಿ ಮಾಡಬೇಕಾಯಿತು. ನನಗೆ ಆಗ ಒಂಬತ್ತು ವರ್ಷ, ತಂಗಿಗೆ ಐದು.

ಮೊದಲು ಒಬ್ಬ ಸಂಬಂಧಿಕರ ಮನೆಗೆ ಹೋದೆವು, ಆಮೇಲೆ ಇನ್ನೊಬ್ಬರ ಮನೆಗೆ. ಯಾರನ್ನೂ ದೂರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಅವರೂ ಬಡವರೇ, ಕ್ಷಯ ಎಂದರೆ ಯಾರಿಗೂ ಹೆದರಿಕೆಯೇ. ಆದರೆ ದಿನ ಬೆಳಗಾದರೆ ಒಂದು ಪ್ರಶ್ನೆ ಕೇಳಿಬರುತ್ತಿತ್ತು: "ಮುಂದೇನು ಯೋಚನೆ ಮಾಡಿದ್ದೀರಿ?" ಆ ಪ್ರಶ್ನೆ ಬಂದಾಗಲೆಲ್ಲ ನನ್ನ ತಾಯಿ ತಟ್ಟೆಯ ಮುಂದಿನಿಂದ ಏಳುತ್ತಿದ್ದರು. "ಯಾರಾದರೂ ಕೊಟ್ಟರೆ, ನಮಗೆ ಹೊಟ್ಟೆ ತುಂಬಿದೆ ಅನ್ನಿ" ಎಂದು ನಮಗಿಬ್ಬರಿಗೂ ಹೇಳಿಕೊಟ್ಟಿದ್ದರು. ಬೇರೆಯವರ ಮನೆಯಲ್ಲಿ ಇರುವ ಮಕ್ಕಳು ಸದ್ದು ಮಾಡದೆ ನಡೆಯುವುದನ್ನು ಬೇಗ ಕಲಿಯುತ್ತಾರೆ.

ಮೂರನೆಯದಾಗಿ ನಾವು ಹೋದದ್ದು ಸಂಬಂಧವೇ ಇಲ್ಲದ ಮನೆಗೆ. ತೋಟದ ರಸ್ತೆಯ ಕೆಳಗಡೆ ಒಂದು ಹಳೆಯ ಹೆಂಚಿನ ಮನೆ. ಊರವರೆಲ್ಲ ಆ ಮನೆಯ ಯಜಮಾನಿಯನ್ನು ಕೆಳಮನೆ ಅಜ್ಜಿ ಎಂದೇ ಕರೆಯುತ್ತಿದ್ದರು. ಅವರು ಕ್ರೈಸ್ತರಲ್ಲ. ನಮ್ಮ ತಾಯಿಗೂ ಅವರಿಗೂ ಹಾಲು ಕೊಂಡು ತರುವಷ್ಟೇ ಪರಿಚಯ. ಆಷಾಢದ ಒಂದು ಸಂಜೆ ಮಳೆಯಲ್ಲಿ ಟ್ರಂಕು ಹೊತ್ತುಕೊಂಡು ಬಸ್ಸಿಗೆ ಕಾಯುತ್ತಿದ್ದ ನಮ್ಮನ್ನು ನೋಡಿ ಅವರು ಜಗಲಿಗೆ ಕರೆದರು. ವಿಷಯ ಕೇಳಿದರು. ತಂದೆಯವರ ಕಾಯಿಲೆಯನ್ನು ತಾಯಿ ಮುಚ್ಚಿಡಲಿಲ್ಲ. "ಔಷಧಿ ತಗೋತಾ ಇದ್ದಾನಲ್ಲ, ಮತ್ತೇನು? ಈ ಮಳೇಲಿ ಮಕ್ಕಳನ್ನ ಕಟ್ಟಿಕೊಂಡು ಎಲ್ಲಿಗೆ ಹೋಗ್ತೀಯ ಮಗಾ?" ಎಂದರು. ಕೊಟ್ಟಿಗೆಯ ಪಕ್ಕದಲ್ಲಿ ಮೆಣಸು, ಅಡಿಕೆ ಹಾಕಿಡುವ ಒಂದು ಕೋಣೆಯಿತ್ತು. ಆ ರಾತ್ರಿಯೇ ಮೂಟೆಗಳನ್ನು ಅಟ್ಟಕ್ಕೆ ಏರಿಸಿ ನಮಗೆ ಜಾಗ ಮಾಡಿದರು. ಗೋಡೆಯ ಗೂಡಿನಲ್ಲಿದ್ದ ತಮ್ಮ ಸಾಮಾನು ತೆಗೆದು, "ನಿಮ್ಮ ದೇವರ ಪಟ ಇಲ್ಲಿ ಇಟ್ಟುಕೊಳ್ಳಿ" ಎಂದರು.

ಒಂದು ಮಳೆಗಾಲಕ್ಕೆಂದು ಬಂದವರು ಎರಡು ಮಳೆಗಾಲ ಅಲ್ಲಿದ್ದೆವು. ತಾಯಿ ಒಮ್ಮೆ ಕೂಲಿಯ ಹಣದಲ್ಲಿ ಇಪ್ಪತ್ತು ರೂಪಾಯಿ ಉಳಿಸಿ ಬಾಡಿಗೆ ಎಂದು ಕೊಡಲು ಹೋದಾಗ, "ಬಾಡಿಗೆ ತಗೊಳ್ಳೋಕೆ ನಾನೇನು ಛತ್ರ ಇಟ್ಟಿದ್ದೀನಾ? ಹುಡುಗನಿಗೆ ಪುಸ್ತಕ ತಗೋ" ಎಂದು ಗದರಿಸಿದರು. ಆದರೆ ಅವರು ಮಾಡಿದ ಎಲ್ಲಕ್ಕಿಂತ ದೊಡ್ಡ ಉಪಕಾರ ನನಗೆ ಅರ್ಥವಾದದ್ದು ಬಹಳ ವರ್ಷಗಳ ಮೇಲೆ. ಆ ಎರಡು ವರ್ಷಗಳಲ್ಲಿ ಅವರು ಒಂದು ದಿನವಾದರೂ 'ಮುಂದೇನು' ಎಂದು ಕೇಳಲಿಲ್ಲ.

1992ರಲ್ಲಿ ಆಶ್ರಯ ಯೋಜನೆಯಲ್ಲಿ ನಮಗೆ ಒಂದು ಚಿಕ್ಕ ಮನೆ ಸಿಕ್ಕಿತು, ದೂರದ ಊರಿನಲ್ಲಿ. ತಂದೆಯವರ ಆರೋಗ್ಯ ಸುಧಾರಿಸಿತ್ತು. ಗುರುಗಳು ಬಂದು ಮನೆ ಆಶೀರ್ವದಿಸಿದರು. ನೆಂಟರು ಬಂದರು, ಊಟ ಹಾಕಿದೆವು. ಕೆಳಮನೆ ಅಜ್ಜಿಗೆ ಹೇಳಿಕಳಿಸಬೇಕೆಂದು ತಾಯಿ ಅಂದುಕೊಂಡರು. ದೂರ, ಬಸ್ಸು ಖರ್ಚು, ಅವಸರ, ಹೀಗೆ ಆಗಲಿಲ್ಲ. ಮುಂದೆ ನಾನು ಗುರುಮಠಕ್ಕೆ ಸೇರಿದೆ. ತತ್ವಶಾಸ್ತ್ರ ಓದಿದೆ, ದೈವಶಾಸ್ತ್ರ ಓದಿದೆ. ನನ್ನ ಗುರುದೀಕ್ಷೆಯ ದಿನ ಮೈಕಿನ ಮುಂದೆ ನಿಂತು ವಂದನಾರ್ಪಣೆ ಮಾಡಿದೆ. ಧರ್ಮಾಧ್ಯಕ್ಷರಿಂದ ಹಿಡಿದು ಪೆಂಡಾಲ್ ಹಾಕಿದವರ ತನಕ ಎಲ್ಲರ ಹೆಸರನ್ನೂ ಹೇಳಿದೆ. ಒಂದು ಹೆಸರೂ ಬಿಟ್ಟುಹೋಗದಂತೆ ಹಿಂದಿನ ರಾತ್ರಿ ಕುಳಿತು ಪಟ್ಟಿ ಮಾಡಿದ್ದೆ. ಅಂದು ಸಂಜೆ ತಾಯಿ ಮೆಲ್ಲಗೆ ಕೇಳಿದರು: "ಕೆಳಮನೆ ಅಜ್ಜಿಗೆ ಕಾರ್ಡು ಕಳಿಸಿದ್ದೆಯಾ, ಮಗ?"

ಕಳಿಸಿರಲಿಲ್ಲ. ಪಟ್ಟಿಯಲ್ಲೂ ಅವರಿರಲಿಲ್ಲ.

ಏಕೆ ಮರೆಯುತ್ತೇವೆ?

ಪ್ರಿಯರೇ, ನಾವು ಇಂಥವರನ್ನು ಏಕೆ ಮರೆಯುತ್ತೇವೆ? ಕೆಟ್ಟವರಾದ್ದರಿಂದ ಎಂದು ನನಗೆ ಅನ್ನಿಸುವುದಿಲ್ಲ. ಪುಸ್ತಕ ಕೊಟ್ಟವರನ್ನು ಮರೆಯುವುದಿಲ್ಲ, ಕೆಲಸ ಕೊಡಿಸಿದವರನ್ನು ಮರೆಯುವುದಿಲ್ಲ. ಆದರೆ ನೆಲೆ ಇಲ್ಲದಿದ್ದಾಗ ಮನೆಯೊಳಕ್ಕೆ ಬಿಟ್ಟುಕೊಂಡವರು ನಮ್ಮನ್ನು ಕಂಡದ್ದು ಬೇರೆ ಬಗೆಯಲ್ಲಿ. ಒದ್ದೆ ಟ್ರಂಕು, ಹರಿದ ಚಾಪೆ, ತಂದೆಯ ಕೆಮ್ಮು, ತಾಯಿಯ ಕಣ್ಣೀರು ಎಲ್ಲವನ್ನೂ ಅವರು ಕಂಡಿದ್ದಾರೆ. ಅವರನ್ನು ನೆನೆದರೆ ಆ ದಿನಗಳನ್ನೂ ನೆನೆಯಬೇಕಾಗುತ್ತದೆ. ನಾವು ಮರೆಯಲು ಬಯಸುವುದು ಆ ಅವಮಾನವನ್ನು. ಅದರ ಜೊತೆಗೆ ಅವರನ್ನೂ ಮರೆತುಬಿಡುತ್ತೇವೆ.

ಕೆಲವೊಮ್ಮೆ ಇದಕ್ಕಿಂತಲೂ ಕೆಳಗಿಳಿಯುತ್ತೇವೆ. ಅವರ ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆಯಿತ್ತು, ಅವರ ಸೊಸೆ ಮುಖ ಸಿಂಡರಿಸುತ್ತಿದ್ದಳು ಎಂದು ಹೇಳತೊಡಗುತ್ತೇವೆ. ಉಂಡ ಮನೆಯ ಜಂತೆ ಎಣಿಸುವುದು ಎಂದು ಹಿರಿಯರು ಹೇಳಿದ್ದು ಇದನ್ನೇ. ಅವರಲ್ಲಿ ಕೊರತೆ ಕಂಡುಹಿಡಿದರೆ ನಮ್ಮ ಋಣ ಸ್ವಲ್ಪ ಕಡಿಮೆಯಾದಂತೆ ನಮಗೆ ತೋರುತ್ತದೆ.

ದಾವೀದನು ಮರೆಯಲಿಲ್ಲ

ಪವಿತ್ರ ಗ್ರಂಥದಲ್ಲಿ ಒಬ್ಬ ಅರಸನಿದ್ದಾನೆ. ಅವನೂ ಒಂದು ದಿನ ಮನೆ ಬಿಟ್ಟು ಓಡಬೇಕಾಯಿತು. ಸ್ವಂತ ಮಗ ಅಬ್ಷಾಲೋಮನೇ ದಂಗೆ ಎದ್ದಾಗ ದಾವೀದನು ಬರಿಗಾಲಿನಲ್ಲಿ ಅಳುತ್ತಾ ಜೆರುಸಲೇಮನ್ನು ಬಿಟ್ಟು ಹೊರಟ. ಯೊರ್ದನ್ ಹೊಳೆ ದಾಟಿ ಮಹನಯಿಮಿಗೆ ಬಂದ. ಆಗ ಮೂವರು ಅವನ ನೆರವಿಗೆ ಬಂದರೆಂದು ಸಮುವೇಲನ ಎರಡನೆಯ ಗ್ರಂಥ ಹೇಳುತ್ತದೆ. ಒಬ್ಬನು ಶೋಬಿ, ಅವನು ಇಸ್ರಯೇಲನೇ ಅಲ್ಲ, ಅಮ್ಮೋನ್ಯರ ನಾಡಿನವನು. ಇನ್ನೊಬ್ಬನು ಮಾಕೀರ. ಮೂರನೆಯವನು ಎಂಬತ್ತು ವರ್ಷದ ಮುದುಕ ಬರ್ಜಿಲ್ಲೈ. ಅವರು ತಂದದ್ದು ಏನೇನು ಎಂದು ಗ್ರಂಥ ಒಂದೊಂದಾಗಿ ಎಣಿಸುತ್ತದೆ: ಹಾಸಿಗೆ, ಬೋಗುಣಿ, ಮಡಕೆ, ಗೋದಿ, ಬಾರ್ಲಿ, ಹಿಟ್ಟು, ಹುರಿದ ಕಾಳು, ಬೇಳೆ, ಜೇನು, ಮೊಸರು, ಕುರಿ. ಎಲ್ಲಕ್ಕಿಂತ ಮೊದಲು ಹಾಸಿಗೆ ಇರುವುದನ್ನು ಗಮನಿಸಿರಿ. ಮನೆ ಬಿಟ್ಟು ಬಂದವನಿಗೆ ಮೊದಲು ಬೇಕಾದದ್ದು ಏನೆಂಬುದು ಅವರಿಗೆ ತಿಳಿದಿತ್ತು.

ಯುದ್ಧ ಮುಗಿದು ದಾವೀದನು ಮತ್ತೆ ಹೊಳೆ ದಾಟಿ ಅರಮನೆಗೆ ಮರಳುವ ದಿನ ಬಂತು. ಬರ್ಜಿಲ್ಲೈ ಅವನನ್ನು ಕಳಿಸಿಕೊಡಲು ಯೊರ್ದನಿನವರೆಗೆ ಬಂದ. ನಮ್ಮ ಗಾದೆ ಸುಳ್ಳಾದದ್ದು ಅಲ್ಲೇ. ಜೊತೆಗೆ ಬಾ, ಜೆರುಸಲೇಮಿನಲ್ಲಿ ನಿನ್ನನ್ನು ನಾನು ಸಾಕುತ್ತೇನೆ ಎಂದು ದಾವೀದನು ಕರೆದ. ಮುದುಕ ಒಪ್ಪಲಿಲ್ಲ. ನನಗೆ ಊಟದ ರುಚಿ ತಿಳಿಯುವುದಿಲ್ಲ, ಹಾಡು ಕೇಳಿಸುವುದಿಲ್ಲ, ನಿನಗೇಕೆ ಹೊರೆಯಾಗಲಿ, ನನ್ನ ಊರಿನಲ್ಲೇ ತಂದೆತಾಯಿಯ ಸಮಾಧಿಯ ಬಳಿ ಸಾಯಲು ಬಿಡು ಎಂದ. ಕಿಮ್ಹಾಮನೆಂಬ ಕಿರಿಯನನ್ನು ಮಾತ್ರ ಅರಸನ ಜೊತೆಗೆ ಕಳಿಸಿದ. ದಾವೀದನು ಆ ಮುದುಕನಿಗೆ ಮುತ್ತಿಟ್ಟು ಆಶೀರ್ವದಿಸಿ ಹೊರಟ.

ಕಥೆ ಇಲ್ಲಿಗೇ ನಿಲ್ಲುವುದಿಲ್ಲ. ವರ್ಷಗಳು ಕಳೆದು ದಾವೀದನು ಮರಣಶಯ್ಯೆಯಲ್ಲಿದ್ದಾಗ ಮಗ ಸೊಲೊಮೋನನಿಗೆ ಕೊನೆಯ ಮಾತು ಹೇಳುತ್ತಾನೆ. ಅದರಲ್ಲಿ ರಾಜ್ಯದ ಮಾತಿದೆ, ಹಗೆಯ ಮಾತೂ ಇದೆ. ಅವುಗಳ ನಡುವೆ, ಬರ್ಜಿಲ್ಲೈಯ ಮಕ್ಕಳು ನಿನ್ನ ಪಂಕ್ತಿಯಲ್ಲಿ ಊಟ ಮಾಡಲಿ, ನಾನು ಓಡಿಹೋಗುತ್ತಿದ್ದಾಗ ಅವರು ನನ್ನ ಬಳಿಗೆ ಬಂದರು ಎನ್ನುತ್ತಾನೆ. ತಾನು ಓಡಿಹೋದದ್ದನ್ನು ಮಗನ ಮುಂದೆ ಹೇಳಲು ಆ ಅರಸನಿಗೆ ನಾಚಿಕೆಯಾಗಲಿಲ್ಲ. ನಾಚಿಕೆಯನ್ನು ದಾಟದೆ ಕೃತಜ್ಞತೆ ಬರುವುದಿಲ್ಲ.

ಇನ್ನೂ ಒಂದು ಮಾತಿದೆ. ಸುಮಾರು ನಾನೂರು ವರ್ಷಗಳ ನಂತರ ಜೆರುಸಲೇಮು ನಾಶವಾಗಿ, ಉಳಿದ ಜನ ಈಜಿಪ್ಟಿಗೆ ಓಡುವಾಗ ದಾರಿಯಲ್ಲಿ ತಂಗಿದ ಜಾಗದ ಹೆಸರನ್ನು ಪ್ರವಾದಿ ಯೆರೆಮೀಯನ ಗ್ರಂಥ ಕೊಡುತ್ತದೆ. ಅದು ಬೆತ್ಲೆಹೇಮಿನ ಬಳಿಯ 'ಕಿಮ್ಹಾಮನ ತಂಗುದಾಣ'. ಬೆತ್ಲೆಹೇಮು ದಾವೀದನ ಊರು. ಅವನು ತನ್ನ ಪಿತ್ರಾರ್ಜಿತ ನೆಲದಲ್ಲಿ ಒಂದು ಪಾಲನ್ನು ಬರ್ಜಿಲ್ಲೈಯ ಮನೆಯವನಿಗೆ ಕೊಟ್ಟಿರಬಹುದೆಂದು ಬೈಬಲ್ ವ್ಯಾಖ್ಯಾನಕಾರರಲ್ಲಿ ಹಲವರ ಊಹೆ. ಊಹೆ ಸರಿಯಾಗಿದ್ದರೆ, ಮಹನಯಿಮಿನಲ್ಲಿ ಹಾಸಿದ ಒಂದು ಹಾಸಿಗೆ ನಾನೂರು ವರ್ಷಗಳಾಚೆಯ ನಿರಾಶ್ರಿತರಿಗೆ ತಂಗುವ ಜಾಗವಾಯಿತು. ಮುಂದೆ ಅದೇ ಬೆತ್ಲೆಹೇಮಿನಿಂದ ಅದೇ ಈಜಿಪ್ಟಿಗೆ ಇನ್ನೊಂದು ಕುಟುಂಬ ರಾತ್ರೋರಾತ್ರಿ ಹೊರಟಿತು. ಜೋಸೆಫರು, ಮಾತೆ ಮರಿಯಮ್ಮ ಮತ್ತು ಮಗು ಯೇಸು ಈಜಿಪ್ಟಿನಲ್ಲಿ ಯಾರ ಮನೆಯಲ್ಲಿದ್ದರೆಂದು ಮತ್ತಾಯನು ಬರೆದಿಲ್ಲ. ಯಾರೋ ಬಾಗಿಲು ತೆರೆದಿರಲೇಬೇಕು. ನಮ್ಮ ರಕ್ಷಕನನ್ನು ಒಳಗೆ ಬಿಟ್ಟುಕೊಂಡ ಆ ಮನೆಯವರ ಹೆಸರು ನಮಗೆ ತಿಳಿಯದು.

ಮೂರು ಮೆಟ್ಟಿಲು

ಹದಿಮೂರನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ಕೃತಜ್ಞತೆಯನ್ನು ನ್ಯಾಯದ ಜೊತೆಗೆ ಸೇರಿಸಿದರು. ಅದು ಬರೀ ಒಳ್ಳೆಯತನವಲ್ಲ, ಸಲ್ಲಿಸಲೇಬೇಕಾದ ಬಾಕಿ ಎಂದರ್ಥ. ಅದರಲ್ಲಿ ಮೂರು ಹಂತಗಳನ್ನು ಅವರು ಕಾಣುತ್ತಾರೆ: ಉಪಕಾರವನ್ನು ಉಪಕಾರವೆಂದು ಗುರುತಿಸುವುದು, ಬಾಯಿಬಿಟ್ಟು ವಂದಿಸುವುದು, ಸಮಯ ಸಂದರ್ಭ ನೋಡಿ ಶಕ್ತ್ಯನುಸಾರ ಹಿಂದಿರುಗಿಸುವುದು. ಕೃತಘ್ನತೆಗೂ ಹಂತಗಳಿವೆ: ಹಿಂದಿರುಗಿಸದೆ ಇರುವುದು, ಬಾಯಿಬಿಟ್ಟು ಹೇಳದೆ ಇರುವುದು, ಎಲ್ಲಕ್ಕಿಂತ ಕೆಳಗೆ, ಉಪಕಾರವಾಗಿದೆ ಎಂಬುದನ್ನೇ ಮರೆಯುವುದು. ಗುರುಮಠದಲ್ಲಿ ಇದನ್ನು ಓದಿ ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ಪಡೆದವನು ನಾನು. ನಾನು ನಿಂತಿದ್ದದ್ದು ಆ ಕೊನೆಯ ಮೆಟ್ಟಿಲಿನ ಮೇಲೆ.

ಇದೇ ಸಂತರು ಇನ್ನೊಂದು ಎಚ್ಚರಿಕೆಯನ್ನೂ ಕೊಡುತ್ತಾರೆ. ರೋಮಿನ ತತ್ವಜ್ಞಾನಿ ಸೆನೆಕನ ಮಾತನ್ನು ಹಿಡಿದು, ಉಪಕಾರವನ್ನು ತಟ್ಟನೆ ತೀರಿಸಿಬಿಡಲು ಅವಸರ ಪಡುವವನು ಋಣಿಯಾಗಿರಲು ಮನಸ್ಸಿಲ್ಲದವನು ಎನ್ನುತ್ತಾರೆ. ನಾವು ಮಾಡುವುದೂ ಎಷ್ಟೋ ಸಲ ಅದನ್ನೇ ಅಲ್ಲವೇ? ಒಂದು ಸೀರೆ, ಒಂದು ಸ್ವೀಟ್ ಬಾಕ್ಸ್ ಕೊಟ್ಟು ಲೆಕ್ಕ ಚುಕ್ತಾ ಮಾಡಿಬಿಡುತ್ತೇವೆ. ಮನಸ್ಸಿನಿಂದ ಸಲ್ಲುವ ವಂದನೆ ಕೂಡಲೇ ಸಲ್ಲಬೇಕು. ಕೈಯಿಂದ ಸಲ್ಲುವುದು ತಕ್ಕ ಹೊತ್ತಿಗೆ ಸಲ್ಲಲಿ. ಕೊಟ್ಟ ವಸ್ತುವಿನ ಬೆಲೆಗಿಂತ ಕೊಟ್ಟವರ ಮನಸ್ಸನ್ನು ನೋಡಬೇಕೆಂಬುದೂ ಅವರ ಬೋಧನೆಯೇ. ಕೊಟ್ಟಿಗೆಯ ಪಕ್ಕದ ಕೋಣೆಗೆ ಬಾಡಿಗೆ ಎಷ್ಟು ಎಂದು ಲೆಕ್ಕ ಹಾಕಬಹುದು. ಕ್ಷಯದ ರೋಗಿಗೆ ಬಿಸಿಲು ಬೀಳುವ ಜಗಲಿಯಲ್ಲಿ ಮಂಚ ಹಾಕಿಸಿಕೊಟ್ಟದ್ದಕ್ಕೆ ಯಾವ ಲೆಕ್ಕ?

ತಡವಾಗಿ ಹೋದೆ

ತಾಯಿ ಕೇಳಿದ ಮೇಲೆ ನಾನು ಮರುವಾರವೇ ಹೋದೆನೆಂದು ಬರೆಯಲು ಇಷ್ಟವಿತ್ತು. ಹೋಗಲಿಲ್ಲ. ಹೊಸ ಗುರು, ಹೊಸ ಧರ್ಮಕೇಂದ್ರ, ಹಬ್ಬ, ನೊವೇನ, ಶಾಲೆ ಎಂದು ಮೂರು ವರ್ಷ ಕಳೆಯಿತು. ಕೊನೆಗೆ ಒಂದು ದಿನ ತಾಯಿಯನ್ನು ಕರೆದುಕೊಂಡು ಹೋದೆ. ಅಜ್ಜಿ ತೀರಿಕೊಂಡು ಒಂದೂವರೆ ವರ್ಷವಾಗಿತ್ತು.

ಮನೆಯ ಸೊಸೆ ಕಾಫಿ ಕೊಟ್ಟರು. ನಾವು ಯಾರೆಂದು ಹೇಳಿದೆವು. ಅವರು ಬಹಳ ಹೊತ್ತು ಯೋಚಿಸಿದರು. "ನೆನಪಾಗ್ತಿಲ್ಲ ಸ್ವಾಮಿ, ಏನೂ ಅಂದ್ಕೋಬೇಡಿ. ಆ ಕೋಣೇಲಿ ಎಷ್ಟೋ ಜನ ಇದ್ದು ಹೋಗಿದ್ದಾರೆ" ಎಂದರು. ನನ್ನ ಬಾಲ್ಯದ ಅಷ್ಟು ದೊಡ್ಡ ಘಟನೆ ಆ ಮನೆಯಲ್ಲಿ ಒಂದು ನೆನಪಾಗಿಯೂ ಉಳಿದಿರಲಿಲ್ಲ. ಅಜ್ಜಿ ಯಾರಿಗೂ ಅದನ್ನು ಹೇಳಿಕೊಂಡು ತಿರುಗಿರಲಿಲ್ಲ. ಕೋಣೆ ನೋಡಿದೆವು, ಮೆಣಸಿನ ಮೂಟೆಗಳಿದ್ದವು. ತಾಯಿ ಆ ಗೋಡೆಯ ಗೂಡನ್ನು ಕೈಯಿಂದ ಮುಟ್ಟಿ ಹೊರಗೆ ಬಂದರು. ಹಿಂದಿರುಗುವಾಗ ಬಸ್ಸಿನಲ್ಲಿ ಇಬ್ಬರೂ ಮಾತಾಡಲಿಲ್ಲ.

ಮರುದಿನ ಬೆಳಗಿನ ಬಲಿಪೂಜೆಯನ್ನು ಅವರಿಗಾಗಿ ಅರ್ಪಿಸಿದೆ. ಬಲಿಪೂಜೆಗೆ ಧರ್ಮಸಭೆ ಇಟ್ಟಿರುವ ಹಳೆಯ ಗ್ರೀಕ್ ಹೆಸರೊಂದಕ್ಕೆ ಕೃತಜ್ಞತೆ ಎಂದೇ ಅರ್ಥ. ತಲೆ ಇಡಲು ಸ್ಥಳವಿಲ್ಲದೆ ನಡೆದ ನಮ್ಮ ಪ್ರಭು, ಬೇರೊಬ್ಬರ ಮನೆಯ ಮಹಡಿಯ ಕೋಣೆಯಲ್ಲಿ, ಬೇರೊಬ್ಬರು ಹಾಸಿಕೊಟ್ಟ ಜಾಗದಲ್ಲಿ ಕುಳಿತು ರೊಟ್ಟಿಯನ್ನು ಎತ್ತಿ ತಂದೆಗೆ ಸ್ತೋತ್ರ ಸಲ್ಲಿಸಿದರು. ಪ್ರತಿದಿನ ಪೀಠದ ಬಳಿ ನಿಂತಾಗ ನನಗೆ ಈಗ ಆ ಮಹಡಿಯ ಮನೆಯ ಯಜಮಾನನೂ ನೆನಪಾಗುತ್ತಾನೆ.

ನಾವೇನು ಮಾಡಬಹುದು?

ಪ್ರಿಯ ಕುಟುಂಬಗಳೇ, ನನ್ನ ಹಾಗೆ ತಡಮಾಡಬೇಡಿರಿ. ಇಂದು ರಾತ್ರಿ ಜಪಸರ ಮುಗಿದ ಮೇಲೆ ಹತ್ತು ನಿಮಿಷ ಕುಳಿತು, ನಿಮ್ಮ ಕುಟುಂಬ ಯಾರ ಯಾರ ಮನೆಯಲ್ಲಿ ಇದ್ದು ಬಂತೆಂದು ಮಕ್ಕಳಿಗೆ ಹೇಳಿರಿ. ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದಾಗ ಒಂದೇ ಕೋಣೆಯಲ್ಲಿ ಜಾಗ ಕೊಟ್ಟ ಚಿಕ್ಕಪ್ಪ, ಅಡ್ವಾನ್ಸ್ ಹಣ ಹೊಂದಿಸುವ ತನಕ ಕಾದ ಮನೆ ಮಾಲೀಕ, ಹೆರಿಗೆಯ ಹೊತ್ತಿಗೆ ಮನೆ ಖಾಲಿ ಮಾಡಬೇಕಾದಾಗ ಕರೆದೊಯ್ದ ಪಕ್ಕದ ಮನೆಯ ಅಕ್ಕ, ಇವರ ಹೆಸರುಗಳು ನಿಮ್ಮ ಮಕ್ಕಳಿಗೆ ತಿಳಿದಿರಲಿ. ಇಸ್ರಯೇಲರು ಸ್ವಂತ ಮನೆ ಕಟ್ಟಿಕೊಂಡ ಮೇಲೂ ವರ್ಷಕ್ಕೆ ಏಳು ದಿನ ಪರ್ಣಕುಟೀರಗಳಲ್ಲಿ ವಾಸಿಸಬೇಕೆಂದು ದೇವರು ಆಜ್ಞಾಪಿಸಿದ್ದು ಇದಕ್ಕೇ. ತಮ್ಮ ಹಿರಿಯರು ಗುಡಾರಗಳಲ್ಲಿದ್ದರೆಂಬುದು ಮನೆಯಲ್ಲೇ ಹುಟ್ಟಿದ ಮಕ್ಕಳಿಗೂ ತಿಳಿಯಬೇಕಿತ್ತು.

ಎರಡನೆಯದಾಗಿ, ಅವರು ಬದುಕಿದ್ದರೆ ಹೋಗಿ ಬನ್ನಿರಿ. ಫೋನ್ ಮಾಡಿದರೂ ಆದೀತು, ಹೋದರೆ ಇನ್ನೂ ಒಳ್ಳೆಯದು, ಮಕ್ಕಳನ್ನೂ ಕರೆದೊಯ್ಯಿರಿ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಸಾವಿರಾರು ಜನ ಒಂದೇ ವಾರದಲ್ಲಿ ನೆಲೆ ಕಳೆದುಕೊಂಡು ಶಾಲೆಗಳಲ್ಲಿ, ಸಭಾಂಗಣಗಳಲ್ಲಿ, ಗುರುತು ಪರಿಚಯವಿಲ್ಲದವರ ಮನೆಗಳಲ್ಲಿ ಇದ್ದರು. ಮುಂದೆ ಹಲವರಿಗೆ ಹೊಸ ಮನೆಗಳಾದವು. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಆ ವಾರ ನಿಮಗೆ ಒಣಗಿದ ಬಟ್ಟೆ ಕೊಟ್ಟವರನ್ನು ಈ ಮಳೆಗಾಲಕ್ಕೆ ಮುಂಚೆ ಒಮ್ಮೆ ಮಾತಾಡಿಸಿರಿ.

ಮೂರನೆಯದಾಗಿ, ಅವರು ಇಲ್ಲವಾದರೆ ಋಣ ತೀರಿತೆಂದು ತಿಳಿಯಬೇಡಿರಿ. ಅದರ ವಿಳಾಸ ಬದಲಾಗಿದೆ, ಅಷ್ಟೇ. ಈಗ ನಿಮಗೆ ಸ್ವಂತ ಮನೆಯಿದೆ, ಮೇಲೆ ಒಂದು ಬಾಡಿಗೆ ಮನೆಯೂ ಇದೆ. ಹನ್ನೊಂದು ತಿಂಗಳ ಕರಾರು ಮುಗಿಯುತ್ತಿರುವ ಕುಟುಂಬ, ಯಾವ ಜಾತಿ, ಯಾವ ಊರು, ಏನು ತಿನ್ನುತ್ತೀರಿ ಎಂಬ ಪ್ರಶ್ನೆಗಳಿಗೆ ಉತ್ತರ ಹೇಳಿ ಸುಸ್ತಾದ ಕುಟುಂಬ ನಿಮ್ಮ ಗೇಟಿನ ಮುಂದೆ ನಿಂತಾಗ, ನಿಮ್ಮ ಕೆಳಮನೆ ಅಜ್ಜಿಯನ್ನು ನೆನೆಯಿರಿ. ಎಲ್ಲರಿಗೂ ಮನೆ ಕೊಡಲು ನಮ್ಮಿಂದಾಗದು. ಒಂದು ತಿಂಗಳು ಹೆಚ್ಚು ಅವಧಿ ಕೊಡಬಹುದು. ದಿನಾ ಕೇಳುವ ಆ ಒಂದು ಪ್ರಶ್ನೆಯನ್ನು ಕೇಳದೆ ಇರಬಹುದು.

ಕೊನೆಯದಾಗಿ, ಈ ಹೊತ್ತಿನಲ್ಲಿ ಬೇರೆಯವರ ಮನೆಯಲ್ಲಿ ಇದ್ದುಕೊಂಡು ಇದನ್ನು ಓದುತ್ತಿರುವವರಿಗೆ ಒಂದು ಮಾತು. ನೀವು ತಲೆ ತಗ್ಗಿಸಬೇಕಾಗಿಲ್ಲ. ಸಂತ ಪೌಲರು ರೋಮಿನವರಿಗೆ ಬರೆದ ಪತ್ರದ ಕೊನೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೆಸರುಗಳನ್ನು ಹೇಳಿ ವಂದಿಸುತ್ತಾರೆ. ತನಗೂ ತಾಯಿಯಂತಿದ್ದ ರೂಫನ ತಾಯಿಯನ್ನು ನೆನೆಯುತ್ತಾರೆ, ತನಗೆ ಆತಿಥ್ಯ ನೀಡಿದ ಗಾಯನನ್ನು ಹೆಸರಿಸುತ್ತಾರೆ. ಅಷ್ಟು ದೊಡ್ಡ ಪ್ರೇಷಿತರೂ ಬೇರೆಯವರ ಚಾಪೆಯಲ್ಲಿ ಮಲಗಿದವರೇ. ಕೊಟ್ಟದ್ದನ್ನು ಸಂತೋಷದಿಂದ ತೆಗೆದುಕೊಳ್ಳಿರಿ. ಮಕ್ಕಳು ಹಸಿದಿದ್ದರೆ, ಹಸಿವಾಗಿದೆ ಎಂದು ಹೇಳಲು ಬಿಡಿರಿ.

ನಾವೆಲ್ಲ ಒಟ್ಟಾಗಿ ಪ್ರಾರ್ಥಿಸೋಣ:

ಸ್ವಾಮಿ ದೇವರೇ, ನಮಗೆ ನೆಲೆಯಿಲ್ಲದ ದಿನಗಳಲ್ಲಿ ನಿಮ್ಮ ಹೆಸರನ್ನು ಹೇಳದೆಯೇ ನಿಮ್ಮ ಕೆಲಸ ಮಾಡಿದವರನ್ನು ನೆನೆಯುತ್ತೇವೆ. ಬದುಕಿರುವವರಿಗೆ ಆರೋಗ್ಯವನ್ನು ಕೊಡಿರಿ. ಅಗಲಿದವರಿಗೆ ನಿಮ್ಮ ಮನೆಯಲ್ಲಿ ಸ್ಥಳ ಕೊಡಿರಿ. ನಾವು ಮರೆತದ್ದನ್ನು ಕ್ಷಮಿಸಿರಿ. ಇಂದು ನಮ್ಮ ಬಾಗಿಲಿಗೆ ಬರುವವರನ್ನು ಗುರುತಿಸುವ ಕಣ್ಣನ್ನು ನಮಗೆ ಕೊಡಿರಿ. ನಮ್ಮ ಪ್ರಭು ಕ್ರಿಸ್ತರ ಮೂಲಕ ಬೇಡುತ್ತೇವೆ. ಆಮೆನ್.